ಹೊಗೆ ಕಾಣದ ಕೆಂಡ

ಮಾರ್ಗಶಿರದ ಚಳಿ. ಹಿರೇಬೆಂಡಿಗೇರಿಯ ಅನ್ನವ್ವನ ಮಗಳು ಸರೋಜವ್ವ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಬಾಣಂತಿ ಮಲಗುವ ಹೊರಸಿನ ಕೆಳಗೆ ಬೆಂಕಿ ಇಡುವುದು ಎಲ್ಲರ ಮನೆಯ ರೂಢಿ. ಆದರೆ ಅನ್ನವ್ವನೆಂದರೆ ಸುಮ್ಮನೆಯೇ? ಸಗಣಿ ಕುಳ್ಳಿನ ಹೊಗೆಗೆ ಕೂಸು ಕೆಮ್ಮೀತೆಂದು ಶಿಗ್ಗಾಂವಿಯಿಂದ ಇದ್ದಿಲು ತರಿಸಿ ಶೇಗಡಿ, ಅಂದರೆ ಕೆಂಡದ ಒಲೆ, ತುಂಬಿ ಹೊರಸಿನಡಿ ಇಟ್ಟಳು. ಗಾಳಿ ನುಸುಳದಂತೆ ಬೆಳಕಿಂಡಿಗೆ ಹಳೆಯ ಕೌದಿ ತುರುಕಿದಳು. ಒಂದೆಳೆ ಹೊಗೆಯೂ ಇಲ್ಲವೆಂದು ಓಣಿಯ ತುಂಬ ಹೇಳಿಕೊಂಡು ಬಂದಳು.

ಮರುದಿನ ಬೆಳಗ್ಗೆ ಸರೋಜವ್ವ ತಲೆನೋವೆಂದಳು, ಹೊಟ್ಟೆ ತೊಳಸುತ್ತದೆ ಎಂದಳು. ಶೀತವಾಗಿದೆ ಎಂದುಕೊಂಡ ತಾಯಿ ಇನ್ನಷ್ಟು ಇದ್ದಿಲು ಸುರಿದು ಬಾಗಿಲು ಬಿಗಿಯಾಗಿ ಹಾಕಿದಳು. ಸ್ವಲ್ಪ ಹೊತ್ತಿನ ಮೇಲೆ ಗಂಜಿ ತಂದು ಕರೆದರೆ ಮಗಳು ಓಗೊಡಲಿಲ್ಲ. ಕೂಸೂ ಮಿಸುಕಲಿಲ್ಲ. ಅನ್ನವ್ವ ಕಿರುಚಿಕೊಂಡಳು.

ಕೂಗು ಕೇಳಿ ಪಕ್ಕದ ಮನೆಯ ಫಕ್ರುಸಾಬ ಓಡಿ ಬಂದ. ಅದು ಎರಡನೆಯ ಮಹಾಯುದ್ಧದ ಕಾಲ. ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲಿನ ಗ್ಯಾಸಿನ ಮೇಲೆ ಓಡುತ್ತಿದ್ದವು. ಅಂಥದೊಂದು ಬಸ್ಸಿನ ಡ್ರೈವರ ಅವನು. ಬಾಣಂತಿ ಕೋಣೆಗೆ ಗಂಡಸರು ಕಾಲಿಡುವಂತಿರಲಿಲ್ಲ. ಹೊಸ್ತಿಲಲ್ಲೇ ನಿಂತು ಶೇಗಡಿ ನೋಡಿದ, ಮುಚ್ಚಿದ ಕಿಂಡಿ ನೋಡಿದ.

"ಅಕ್ಕಾರ, ಮದಲ ಇಬ್ಬರನ್ನೂ ಹೊರಗ ತರ್ರಿ."

"ಬಾಣಂತೀನ ಗಾಳಿಗೆ ತರೂದೇನ ತಮ್ಮಾ? ಸನ್ನಿ ಹಿಡೀತೈತಿ."

"ಒಳಗಿನ ಗಾಳೀನ ಆಕೀನ ಕೊಲ್ಲಾಕತ್ತೈತ್ರಿ."

ಅನ್ನವ್ವ ಓಗೊಡದ ಮಗಳತ್ತ ತಿರುಗಿ ನೋಡಿದಳು. ಆಮೇಲೆ ಕೂಸನ್ನು ಎದೆಗವಚಿಕೊಂಡು, ನೀನೇ ಒಳಗೆ ಬಾ ಎಂದಳು. ಫಕ್ರುಸಾಬ ಉಸಿರು ಬಿಗಿಹಿಡಿದು ನುಗ್ಗಿ ಸರೋಜವ್ವನನ್ನು ಎತ್ತಿ ತಂದು ಅಂಗಳದಲ್ಲಿ ಮಲಗಿಸಿದ.

ಹೊರಗಿನ ಗಾಳಿಗೆ ಕೂಸು ಮೆಲ್ಲಗೆ ಮಿಸುಕಿ ಕಿಟಾರನೆ ಕಿರುಚಿತು. ಅಷ್ಟು ಚೆಂದದ ಅಳುವನ್ನು ಅನ್ನವ್ವ ತಾನು ಹುಟ್ಟಿದಂದಿನಿಂದ ಕೇಳಿರಲಿಲ್ಲ. ಸ್ವಲ್ಪ ಹೊತ್ತಿಗೆ ಸರೋಜವ್ವನೂ ಕಣ್ಣು ಬಿಟ್ಟಳು. ಫಕ್ರುಸಾಬ ಅವರನ್ನು ತನ್ನ ಬಸ್ಸಿನಲ್ಲೇ ದವಾಖಾನೆಗೆ ಒಯ್ದ. ಭಯವಿಲ್ಲವೆಂದು ಡಾಕ್ಟರು ಹೇಳಿದ ಮೇಲೆ ಅನ್ನವ್ವನ ಎದೆ ಹಗುರಾಯಿತು. ಹಗುರಾದದ್ದೇ ತಡ, ವಾದ ಶುರುವಾಯಿತು.

"ಹೊಗೀನ ಇರ್ಲಿಲ್ಲಲ್ಲೋ ತಮ್ಮಾ?"

"ಹೊಗಿ ಇದ್ದಿದ್ರ ಕೆಮ್ಮಿ ಹೊರಗ ಬರ್ತಿದ್ರಿ. ಈ ವಿಷಗಾಳಿಗೆ ಬಣ್ಣಿಲ್ಲ, ವಾಸನಿಲ್ಲ. ನಮ್ಮ ಬಸ್ಸಿನ ಇದ್ದಿಲ ಪೀಪಾಯಿಯೊಳಗ ಬೇಕಂತಲೇ ತಯಾರ ಮಾಡ್ತೇವ್ರಿ. ಕೆಂಡದ ರಾಶಿಗೆ ಗಾಳಿ ಕಡಿಮಿ ಬಿಟ್ರ ಹುಟ್ಟತೈತಿ. ಹೊತ್ತಿಸಿದ್ರ ನೀಲಿ ಉರೀತೈತಿ, ಬಸ್ಸು ಓಡಸ್ತೈತಿ. ಮನಷ್ಯಾನ ಒಳಗ ಹೋದ್ರ ರಕ್ತದಾಗ ಕುಂತು ಚಲೋ ಗಾಳಿಗೆ ಜಾಗಾನ ಬಿಡೂದಿಲ್ಲ. ನೀವೂ ಬಾಗಲಾ ಹಾಕಿ ಅದನ್ನ ತಯಾರ ಮಾಡಿದ್ರಿ."

 ಓದಿದವರು ಆ ವಿಷಗಾಳಿಯನ್ನು ಕಾರ್ಬನ್ ಮೊನಾಕ್ಸೈಡ್ ಎನ್ನುತ್ತಾರೆ. ಅಂದಿನಿಂದ ಅನ್ನವ್ವ ಅಂಗಳದಲ್ಲಿ ಇಟ್ಟಿಗೆ ಕಾಯಿಸಿ, ಬಟ್ಟೆ ಸುತ್ತಿ ಹೊರಸಿನಡಿ ಇಟ್ಟಳು. ಬಾಣಂತಿ ಬೆಚ್ಚಗೇ ಇದ್ದಳು.

ಅವ್ವಂದಿರೇ, ಅಕ್ಕಂದಿರೇ, ಮಲಗುವ ಕೋಣೆಯಲ್ಲಿ ಕೆಂಡ ಇಡಬೇಡಿ. ಶೇಗಡಿ ಉರಿಯುವಲ್ಲಿ ಯಾರಿಗಾದರೂ ತಲೆನೋವು, ವಾಕರಿಕೆ, ತಲೆಸುತ್ತು ಬಂದರೆ ಕಾರಣ ಹುಡುಕುತ್ತ ಕೂಡಬೇಡಿ. ಕೂಡಲೇ ಬಯಲಿಗೆ ತನ್ನಿ, ದವಾಖಾನೆಗೆ ಒಯ್ಯಿರಿ. ಅನ್ನವ್ವನ ಪಕ್ಕದ ಮನೆಯಲ್ಲಿ ಫಕ್ರುಸಾಬನಿದ್ದ. ನಿಮ್ಮ ಪಕ್ಕದಲ್ಲಿ ಅಂಥವರಿಲ್ಲದಿದ್ದರೆ? ಶೇಗಡಿಯನ್ನು ಇವತ್ತೇ ಹೊರಗಿಡಿ.