ನಿನ್ನೆಯಿಂದಲ್ಲ, ಸೋಮವಾರದಿಂದ

ನಾನು ರಕ್ತ ತಿರುಗಿಸುವ ಯಂತ್ರ. ಸೆಂಟ್ರಿಫ್ಯೂಜ್ ಎಂಬ ದೊಡ್ಡ ಹೆಸರಿದ್ದರೂ ಬ್ಯಾಡಗಿಯ ದವಾಖಾನೆಯ ಲ್ಯಾಬಿನಲ್ಲಿ ಎಲ್ಲರಿಗೂ ನಾನು ಗಿರಗಿಟ್ಲೆ. ಹುಟ್ಟಿದ್ದು ದೂರದ ಅಂಬಾಲದ ಕಾರ್ಖಾನೆಯಲ್ಲಿ. ರಕ್ತದ ಕೊಳವೆಗಳನ್ನು ಹೊಟ್ಟೆಯಲ್ಲಿಟ್ಟುಕೊಂಡು ಗರಗರ ತಿರುಗಿ, ಕೆಂಪನ್ನು ತಳಕ್ಕಿಳಿಸಿ, ಮೇಲಿನ ತಿಳಿಯನ್ನು ಪರೀಕ್ಷೆಗೆ ಕೊಡುವುದು ನನ್ನ ಕೆಲಸ. ಮನುಷ್ಯರ ಸುಳ್ಳು ಕೇಳಿ ಕೇಳಿ ನನಗೆ ಸಿಟ್ಟು ಹತ್ತಿದ್ದೂ ಆ ಲ್ಯಾಬಿನಲ್ಲಿಯೇ.

ಒಂದು ಶನಿವಾರ ದಾಕ್ಷಾಯಿಣಿ ಹೊಟ್ಟೆ ಹಿಡಿದುಕೊಂಡು ಬಂದಳು. ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸದವಳು. ಬೆನ್ನಿಗೂ ಹಬ್ಬಿದ ನೋವು, ನಿಲ್ಲದ ವಾಂತಿ. ಲ್ಯಾಬಿನಲ್ಲೇ ಕೂತಿದ್ದ ಡಾಕ್ಟರು "ಯಾವಾಗಿಂದ?" ಎಂದು ಕೇಳಿದರೆ ಅತ್ತೆ ಗುರುಬಸವ್ವ ನಡುವೆ ಬಾಯಿ ಹಾಕಿದಳು.

"ನಿನ್ನೆಯಿಂದ ರೀ. ಖಾರ ತಿಂದು ಗ್ಯಾಸ್ ಆಗೇತಿ."

ಥೂ! ಸೋಮವಾರದಿಂದ ಸೋಡಾ ಕುಡಿಸಿ ಮನೆಯಲ್ಲೇ ಮಲಗಿಸಿದ್ದು ಎಲ್ಲಿ ಹೊರಬೀಳುತ್ತದೋ ಎಂಬ ಭಯ ಆಕೆಗೆ.

ಡಾಕ್ಟರು ನಂಬಿದರು. ಅಮೈಲೇಸ್ ಪರೀಕ್ಷೆ ಹೇಳಿದರು. ಮೇದೋಜೀರಕ ಗ್ರಂಥಿ ಊದಿಕೊಂಡರೆ ಆ ಕಿಣ್ವ ರಕ್ತದಲ್ಲಿ ಏರುತ್ತದೆ. ನಾನು ತಿರುಗಿದೆ, ತಿಳಿ ಕೊಟ್ಟೆ. ಏರಿರಲಿಲ್ಲ.

"ಗ್ಯಾಸೇ ಇರಬೇಕು" ಎಂದರು ಡಾಕ್ಟರು.

"ನಾ ಅಂದಿದ್ದಿಲ್ಲೇನು?" ಎಂದು ಅತ್ತೆ ಬೀಗಿದಳು.

ದಾಕ್ಷಾಯಿಣಿ ನಾನಿದ್ದ ಮೇಜನ್ನೇ ಹಿಡಿದು ಎದ್ದು ನಿಂತಳು. "ನಮ್ಮತ್ತಿ ಸುಳ್ಳ ಹೇಳ್ತಾರ್ರಿ ಸಾಹೇಬ್ರ! ನಿನ್ನೆಯಿಂದಲ್ಲ, ಸೋಮವಾರದಿಂದ! ಬ್ಯಾನಿ ನಂದು, ನನ್ನ ಕೇಳ್ರಿ!"

ಡಾಕ್ಟರ ಮುಖ ಕಪ್ಪಿಟ್ಟಿತು. ಅಮೈಲೇಸ್ ಬೇಗ ಏರಿ ಕೆಲವೇ ದಿನಗಳಲ್ಲಿ ಇಳಿದುಬಿಡಬಹುದು. ಅದೇ ಗ್ರಂಥಿಯ ಲೈಪೇಸ್ ಎಂಬ ಇನ್ನೊಂದು ಕಿಣ್ವ ವಾರವಾದರೂ ಇಳಿಯದೆ ಕೂತಿರುತ್ತದೆ. "ಉಳಿದ ತಿಳಿಯಾಗ ಲೈಪೇಸ್ ನೋಡ್ರಿ, ಲಗೂ!" ಎಂದು ಕೂಗಿದರು. ಇರಬೇಕಾದ್ದಕ್ಕಿಂತ ಹತ್ತು ಪಟ್ಟು ಏರಿತ್ತು.

ಹುಬ್ಬಳ್ಳಿಗೆ ಅಂಬುಲೆನ್ಸ್ ಹತ್ತಿಸುವಾಗಲೂ ಗುರುಬಸವ್ವ ಸೊಸೆಯನ್ನೇ ದುರುಗುಟ್ಟಿ ನೋಡಿದಳು. "ಇದು ಕುಡುಕ್ರಿಗೆ ಬರೋ ಬ್ಯಾನಿ ಅಲ್ಲೇನ್ರಿ?" ನನ್ನ ಮೈಯೆಲ್ಲ ಉರಿಯಿತು. ಹುಬ್ಬಳ್ಳಿಯಲ್ಲಿ ನೋಡಿದರೆ, ಪಿತ್ತಕೋಶದ ಕಲ್ಲು ಜಾರಿ ಬಂದು ಆದದ್ದಂತೆ. ದಾಕ್ಷಾಯಿಣಿ ಬದುಕಿಕೊಂಡಳು.

ಈಗ ನಾನು ಗುಜರಿ ಅಂಗಡಿಯ ಮೂಲೆಯಲ್ಲಿ ತುಕ್ಕು ಹಿಡಿಯುತ್ತಿದ್ದೇನೆ. ಬೇಸಿಗೆಯಿಂದ ದೀಪಾವಳಿಯವರೆಗೂ ನನ್ನ ಬೇರಿಂಗು ಚೀರುತ್ತಲೇ ಇತ್ತು, ಯಾರೂ ಕಿವಿಗೊಡಲಿಲ್ಲ. ಕೊನೆಗೊಮ್ಮೆ ಮೆಕ್ಯಾನಿಕ್ ಬಂದು "ಯಾವಾಗಿಂದ ಸಪ್ಪಳ?" ಎಂದು ಕೇಳಿದ.

"ನಿನ್ನೆಯಿಂದ ರೀ" ಎಂದರು ಲ್ಯಾಬಿನವರು.

ಅವನು ನಾಲ್ಕು ಹನಿ ಎಣ್ಣೆ ಬಿಟ್ಟು ಹೋದ. ಮರುದಿನವೇ ನನ್ನ ಅಚ್ಚು ಮುರಿಯಿತು. ದಾಕ್ಷಾಯಿಣಿಗಿದ್ದ ಬಾಯಿ ನನಗಿರಲಿಲ್ಲ.