ಶಿವಪ್ರಕಾಶನ ಕೈಗುಣ

ಇದನ್ನು ನೀವು ಕೇಳಲೇಬೇಕು, ನಗುವುದಿದ್ದರೆ ಪೂರ್ತಿ ಕೇಳಿದ ಮೇಲೆ ನಗಿ. ಡಾ. ಶಿವಪ್ರಕಾಶ ಬೆಳಿಗ್ಗೆ ತನ್ನದೇ ಪ್ರಯೋಗಾಲಯದ ಬಾಗಿಲು ತಳ್ಳಿದರೆ ಅದು ಅರ್ಧಕ್ಕೇ ನಿಂತಿತು. ಒಳಗಿನಿಂದ ಯಾರೋ ಕಾಲು ಅಡ್ಡ ಕೊಟ್ಟಿದ್ದರು.

"ಒಳಗ ಬರಬ್ಯಾಡ್ರಿ ಸರ್."

ಸಾಯಲಿ. ಸೊಲ್ಲಾಪುರದ ಹುಡುಗಿ, ಅವನ ಪಿಎಚ್‌ಡಿ ವಿದ್ಯಾರ್ಥಿನಿ. ಮಾಸ್ಕಿನ ಮೇಲೆ ಕಣ್ಣಷ್ಟೇ ಕಾಣುತ್ತಿತ್ತು.

"ಯಾಕಮ್ಮಾ?"

"ನೀವ್ ಇಲ್ದ ಬರ್ತದೋ ಇಲ್ಲೋ ನೋಡೋಣಂತ್ರಿ."

ಬಾಗಿಲು ಮುಚ್ಚಿತು.

ಬರಬೇಕಾದದ್ದು ಒಂದು ಗೆರೆ. ಬಿಸಿನೀರಿನ ಬುಗ್ಗೆಯ ಬ್ಯಾಕ್ಟೀರಿಯಾವೊಂದರಲ್ಲಿ ಮನುಷ್ಯನದೇ ಜೀನ್ ಇದೆ ಎಂದು ಶಿವಪ್ರಕಾಶ ವಯಸ್ಸಿನಲ್ಲಿದ್ದಾಗ ತೋರಿಸಿದ್ದ. ಟ್ಯೂಬಿನಲ್ಲಿ ಬೆರೆಸಿದ್ದನ್ನು ಪರೀಕ್ಷೆಯ ಜೆಲ್ಲಿಗೆ ಹಾಕಿದಾಗ, ಜೀನ್ ಇದ್ದರೆ ಅದರ ಮೇಲೆ ಬೆಳ್ಳನೆಯ ಗೆರೆ ಮೂಡುತ್ತದೆ. ಅಂದಿನಿಂದ ಆ ವಿಷಯವಾಗಿ ಎಲ್ಲಿ ಯಾರು ಬರೆದರೂ ಅವನ ಹೆಸರು ಬರೆಯಲೇಬೇಕಿತ್ತು. ಬೇರೆಯವರು ಮಾಡಿದರೆ ಮಾತ್ರ ಗೆರೆ ಬರುತ್ತಿರಲಿಲ್ಲ. 'ನಮಗೆ ಬರಲಿಲ್ಲ' ಎಂದು ಬರೆಯುವಾಗಲೂ ಅವನನ್ನೇ ಉಲ್ಲೇಖಿಸುತ್ತಿದ್ದರು. ಅದೂ ಅವನ ಖ್ಯಾತಿಯ ಲೆಕ್ಕಕ್ಕೇ ಜಮೆಯಾಗುತ್ತಿತ್ತು.

ಅವನ ವಿದ್ಯಾರ್ಥಿಗಳಿಗೂ ಗೆರೆ ಕೈಕೊಡುವುದಿತ್ತು. ಆಗ ಅವನನ್ನು ಕರೆದು ಪಕ್ಕದಲ್ಲಿ ನಿಲ್ಲಿಸಿಕೊಳ್ಳುತ್ತಿದ್ದರು. ತೆರೆದ ಟ್ಯೂಬುಗಳ ಮೇಲೆ ಬಾಗಿ ಅವನು ಮದ್ದೂರಿನಲ್ಲಿ ಬಸ್ಸು ತಪ್ಪಿದ ಕಥೆ ಹೇಳುತ್ತಿದ್ದ. ಗೆರೆ ಬರುತ್ತಿತ್ತು. ಸರ್ ಕೈಗುಣ, ಎನ್ನುತ್ತಿದ್ದರು. ವರ್ಷಗಟ್ಟಲೆ ಅವನೂ ಅದನ್ನೇ ನಂಬಿದ್ದ.

ಪುಣೆಯ ವಿಮಾನ ನಗರದ ಫ್ಲ್ಯಾಟಿನಲ್ಲಿ ಹೆಂಡತಿ ಲೀಲಾಕ್ಷಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡೇ ಚಪಾತಿ ಲಟ್ಟಿಸುವವಳು. ಮಾತಾಡಲು ಟ್ಯೂಬುಗಳೇ ಗತಿ. ಅವು ಎದ್ದುಹೋಗುತ್ತಿರಲಿಲ್ಲ.

ಮಧ್ಯಾಹ್ನ ಸಾಯಲಿ ಕ್ಯಾಂಟೀನಿಗೆ ಬಂದಳು.

"ಬರ್ಲಿಲ್ರಿ."

"ಇನ್ನೊಂದ್ಸಲ ಮಾಡು."

"ಮಾಡೀನ್ರಿ. ಹೋಲಿಸಿ ನೋಡಾಕಂತ ಇಡೋ ನೀರಿನ ಟ್ಯೂಬ್ ಯಾವಾಗ್ಲೂ ಮುಚ್ಚೇ ಇಡ್ತಿದ್ವಿ ಅಲ್ರಿ? ನಿನ್ನಿ ಒಂದನ್ನ ಬೇಕಂತನ ತೆರದಿಟ್ಟಿದ್ದೆ. ಬ್ಯಾಕ್ಟೀರಿಯಾ ಇಲ್ಲ, ಏನಿಲ್ಲ, ಬರೇ ನೀರು. ನೀವ್ ಮುಂದ ನಿಂತು ಕಥಿ ಹೇಳಿದ್ರಿ. ಅದ್ರಾಗ ಗೆರಿ ಬಂದದ."

"ಯಾವ ಕಥೆ?"

"ಬಸ್ಸಿಂದು."

ಶಿವಪ್ರಕಾಶ ಚಹಾ ಲೋಟದೊಳಗೆ ನೋಡಿದ.

"ಸರ್, ಅದು ನಿಮ್ಮ ಉಗುಳು ಅನಸ್ತದ್ರಿ. ಬಾಯೊಳಗಿಂದ ಒಂಚೂರು ಸ್ಯಾಂಪಲ್ ಕೊಟ್ರ ಖಾತ್ರಿ ಆಗ್ತದ. ನಾಳೆ ಥೀಸಿಸ್ ಕೊಡಬೇಕ್ರಿ. ಏನ್ ಬರೀಲಿ?"

"ಸಂಜೆ ಸನ್ಮಾನ ಇದೆಯಲ್ಲಮ್ಮಾ."

ಅದು ಉತ್ತರವಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಸಂಜೆ ರಿಕ್ಷಾದವನು ಮರಾಠಿಯಲ್ಲಿ ಎಲ್ಲಿಗೆಂದು ಕೇಳಿದ. ಹೇಳಲು ಹೊರಟ ಶಿವಪ್ರಕಾಶ ತಟ್ಟನೆ ಕರವಸ್ತ್ರ ಅಡ್ಡ ಹಿಡಿದ. ಮಾತಿಗೊಂದು ಹನಿಯಾಗಿ ತಾನು ಎಲ್ಲೆಲ್ಲಿ ಬೀಳುತ್ತಿದ್ದೇನೋ! ಇಷ್ಟು ವರ್ಷ ತನ್ನನ್ನೇ ಗಾಜಿನಲ್ಲಿಟ್ಟು ನೋಡಿದ್ದ. ಒಂದು ಸಲವೂ ಗುರುತು ಹತ್ತಿರಲಿಲ್ಲ.

ಸದಾಶಿವ ಪೇಠದಲ್ಲಿ ಮೋಹನದಾಸರ ಹೋಟೆಲಿನ ಮೇಲಿನ ಹಾಲ್ ತುಂಬಿತ್ತು. ಕನ್ನಡ ಸಂಘದ ಅಧ್ಯಕ್ಷರೂ ಅವರೇ, ಇಡ್ಲಿ ವಡೆಯೂ ಅವರದೇ.

"ಎಂತ ಡಾಕ್ಟ್ರೆ, ಮಾತೇ ಇಲ್ಲ? ಇವತ್ತು ಮೌನ ವ್ರತವಾ?"

ಶಿವಪ್ರಕಾಶ ತಲೆಯಾಡಿಸಿದ. ಮೋಹನದಾಸರು ಮೈಕ್ ಹಿಡಿದರು.

"ಇವರು ಮಾಡಿದ್ದು ಅಮೆರಿಕದವರಿಗೂ ಬರುದಿಲ್ಲ ಮಾರಾಯ್ರೆ! ಎಷ್ಟು ಸರ್ತಿ ಮಾಡಿದ್ರೂ ಬರುದಿಲ್ಲಂತೆ!"

ಚಪ್ಪಾಳೆ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಹೆಗಲಿಗೆ ಶಾಲು ಬಿತ್ತು. ಅಳತೆಗಿಂತ ದೊಡ್ಡದಾದ ಪುಣೇರಿ ಪಗಡಿ ಹುಬ್ಬಿನ ತನಕ ಜಾರಿತು. ಮೋಹನದಾಸರು ಪೇಢೆ ಎತ್ತಿ ಅವನ ತುಟಿಗೆ ಹಿಡಿದರು.

"ಬಾಯಿ ತೆಗೀರಿ ಡಾಕ್ಟ್ರೆ, ಫೋಟೋಕ್ಕೆ."

ಆಗಲೇ ಇನ್ನೊಂದು ಪಕ್ಕದಿಂದ ಸಾಯಲಿ ವೇದಿಕೆ ಹತ್ತಿದಳು. ಕೈಯಲ್ಲಿ ತುದಿಗೆ ಹತ್ತಿ ಸುತ್ತಿದ ಕಡ್ಡಿ.

"ಬಾಯಿ ತೆಗೀರಿ ಸರ್," ಎಂದಳು, ಅವನಿಗಷ್ಟೇ ಕೇಳುವಂತೆ. "ಇಲ್ಲಾ, ಬ್ಯಾಡ ಅಂತ ಒಂದ್ ಮಾತು ಅಂದ್ಬಿಡ್ರಿ. ಬ್ಯಾಕ್ಟೀರಿಯಾದಾಗ ಗೆರಿ ಬಂತು ಅಂತನ ಬರದು ಕೊಡ್ತೀನಿ."

ಬೇಡ ಎನ್ನುವುದಕ್ಕೂ ತುಟಿ ಬಿಚ್ಚಬೇಕು. ಶಿವಪ್ರಕಾಶ ಹಲ್ಲು ಕಚ್ಚಿ ಮೂಗಿನಲ್ಲೇ ಉಸಿರಾಡಿದ. ಎಡಕ್ಕೆ ಪೇಢೆ, ಬಲಕ್ಕೆ ಕಡ್ಡಿ. ಇದೂ ವಿಜ್ಞಾನಿಗಳ ಪದ್ಧತಿಯಿರಬೇಕೆಂದು ಸಭೆ ಇನ್ನಷ್ಟು ಜೋರಾಗಿ ಚಪ್ಪಾಳೆ ತಟ್ಟಿತು. ಫ್ಲ್ಯಾಶ್ ಹೊಳೆಯಿತು. ಕ್ಯಾಮೆರಾದ ಪುಟ್ಟ ಪರದೆಯ ಮೇಲೆ ಶಾಲು, ಪಗಡಿ, ಎರಡು ಕೈ. ನಡುವೆ, ಮುಖ ಇರಬೇಕಾದಲ್ಲಿ, ಬಿಗಿದ ತುಟಿಯ ಒಂದು ಬಿಳಿಚಿದ ಗೆರೆ.

ನೀವಾಗಿದ್ದರೆ ಏನು ಮಾಡುತ್ತಿದ್ದಿರಿ, ಹೇಳಿ?