ಗುಲಾಬಿ ಉಂಡೆ

ಶಾಲೆ ಬಿಡುವ ಹೊತ್ತಿಗೆ ಬೇಕರಿಯ ಗಾಜಿನ ಕಪಾಟಿನ ಮೇಲೆ ಕೇಕ್ ಉಂಡೆಗಳ ಡಬ್ಬಿ ಬಂದು ಕೂತಿರಬೇಕು. ತಡವಾದರೆ ಮಕ್ಕಳು ಸುಮ್ಮನಿರುವುದಿಲ್ಲ. ಗಾಜಿಗೆ ಮೂಗು ಒತ್ತಿ, ಬಾಯಿಂದ ಹಬೆ ಬಿಟ್ಟು, ಅದರ ಮೇಲೆ ಬೆರಳಿನಲ್ಲಿ ಚಿತ್ರ ಬರೆದು ಹೋಗುತ್ತವೆ. ಆಮೇಲೆ ಒರೆಸುವ ಕೆಲಸ ಕೇಕಕ್ಕನದು. ಬೀದಿಗೆಲ್ಲ ಅವಳು ಕೇಕಕ್ಕ. ಸಿಟ್ಟು ಬಂದಾಗ ಅವಳ ಗಂಡನೂ ಹಾಗೇ ಕರೆಯುತ್ತಿದ್ದ.

ಉಂಡೆಯಲ್ಲಿ ದೊಡ್ಡ ಗುಟ್ಟೇನೂ ಇರಲಿಲ್ಲ. ಕತ್ತರಿಸಿದ ಅಂಚು, ಮುರಿದ ಚೂರು, ಯಾರೋ ಬೇಡವೆಂದು ಬಿಟ್ಟ ಕೇಕು, ಎಲ್ಲವನ್ನೂ ಪುಡಿ ಮಾಡಿ ಪಾಕ ಹಾಕಿ ಕಟ್ಟಿದರೆ ಮುಗಿಯಿತು. ದಿನಾ ಇರುವುದು ಕಂದು ಉಂಡೆ. ಆಗೊಮ್ಮೆ ಈಗೊಮ್ಮೆ ಗುಲಾಬಿ ಉಂಡೆ ಬರುತ್ತಿತ್ತು, ಅವತ್ತು ಮಕ್ಕಳ ನೂಕುನುಗ್ಗಲು ಹೆಚ್ಚು. ಆ ದಿನವೂ ಗುಲಾಬಿಯೇ ಇತ್ತು.

ಟೀಚರಮ್ಮನ ಮೊಮ್ಮಗಳು ಕಾಲ್ಬೆರಳ ಮೇಲೆ ನಿಂತು ಡಬ್ಬಿಯೊಳಗೆ ಇಣುಕಿತು. ಆರು ವರ್ಷ, ಮುಂದಿನ ಹಲ್ಲು ಎರಡೂ ಇಲ್ಲ, ಮಾತು ಮಾತ್ರ ಬಾಯ್ತುಂಬ.

"ಕೇಕಕ್ಕಾ, ನೀಲಿ ಉಂಡೆ ಯಾಕೆ ಮಾಡಲ್ಲ? ನಂಗೆ ನೀಲಿ ಇಷ್ಟ."

"ನೀಲಿ ಕೇಕು ಮಿಗೋದೇ ಇಲ್ಲ ಕಣೇ ಚಿನ್ನಿ," ಎಂದಳು ಕೇಕಕ್ಕ, ಉಂಡೆಯನ್ನು ಕಾಗದದಲ್ಲಿ ಸುತ್ತುತ್ತಾ.

ಹೇಳಿ ಮುಗಿಸಿದ ಮೇಲೆ ಆ ಮಾತು ಅವಳ ಕಿವಿಗೇ ಬಿತ್ತು.

"ಬಾರೇ, ಕೇಕಕ್ಕನ ತಲೆ ತಿನ್ಬೇಡ," ಎಂದು ಬಾಗಿಲಲ್ಲಿ ಕೊಡೆ ಮಡಚಿಕೊಂಡು ನಿಂತಿದ್ದ ಟೀಚರಮ್ಮ ಮೊಮ್ಮಗಳ ಕೈ ಹಿಡಿದು ಹೊರಟರು. ಹುಡುಗಿ ಉಂಡೆ ಕಚ್ಚುತ್ತ, ಅಜ್ಜಿಯ ಹೆಜ್ಜೆಗೆ ಎರಡು ಹೆಜ್ಜೆ ಹಾಕುತ್ತ ಹೋಯಿತು.

ಗುಲಾಬಿ ಉಂಡೆ ಎಲ್ಲಿಂದ ಬರುತ್ತಿತ್ತೆಂದು ಹೇಳಿಬಿಡಬೇಕು. ಎರಡು ವರ್ಷದಿಂದ ಆ ಊರಿನಲ್ಲಿ ಹೊಸದೊಂದು ಹುಚ್ಚು ಹಿಡಿದಿತ್ತು. ಕಾನೂನಿನಲ್ಲಿ ನಿಷೇಧವಿದ್ದರೂ ಯಾರೂ ಲೆಕ್ಕಿಸದೆ, ಬಸುರಿಗೆ ಹತ್ತು ವಾರ ತುಂಬುತ್ತಲೇ ರಕ್ತ ಪರೀಕ್ಷೆ ಮಾಡಿಸುವುದು. ಗಂಡೋ ಹೆಣ್ಣೋ ಎಂಬುದನ್ನು ಲ್ಯಾಬಿನವರು ಚೀಟಿಯಲ್ಲಿ ಬರೆದು, ಕವರಿಗೆ ಅಂಟು ಹಾಕಿ ಬಸುರಿಯ ಕೈಗೆ ಮಾತ್ರ ಕೊಡುವುದು. ಅವಳು ಅದನ್ನು ಒಡೆಯದೆ ತಂದು ಕೇಕಕ್ಕನಿಗೆ ಒಪ್ಪಿಸುವುದು. ಕೇಕಕ್ಕ ಚೀಟಿ ಓದಿ, ಹೆಣ್ಣಾದರೆ ಗುಲಾಬಿ, ಗಂಡಾದರೆ ನೀಲಿ ಬಣ್ಣದ ಕೇಕು ಮಾಡಿ, ಮೇಲೆ ಬಿಳಿ ಕೆನೆ ಮೆತ್ತಿ ಮುಚ್ಚುತ್ತಿದ್ದಳು. ನೆಂಟರಿಷ್ಟರ ಮುಂದೆ ಕತ್ತರಿಸಿದಾಗಲೇ ಗುಟ್ಟು ರಟ್ಟು. "ಮಗುವಿನ ಸುದ್ದಿ ಹೆತ್ತೋರಿಗಿಂತ ಮೊದ್ಲು ನಂಗೇ ಗೊತ್ತು," ಎಂದು ಅವಳು ಬೀಗುತ್ತಿದ್ದಳು.

ಬಾಯಿಗೆ ಬೀಗ ಹಾಕಿಕೊಂಡವಳು ಎಂದು ಅವಳಿಗೆ ಹೆಸರಿತ್ತು. ಆದರೆ ಆ ಬೀಗಕ್ಕೆ ಒಂದು ಕೈ ಇತ್ತು. ಸಮಾರಂಭದ ಹಿಂದಿನ ದಿನ ಮನೆಯ ಹಿರಿಯರು ಯಾರಾದರೂ ಬಂದು, "ಬಲೂನು ತರ್ಬೇಕಲ್ಲ, ಯಾವ ಬಣ್ಣ ಅಂತ ನನಗೊಬ್ಬಳಿಗೆ ಹೇಳಮ್ಮ," ಎಂದರೆ ಅವಳಿಗೆ ಇಲ್ಲವೆನ್ನಲು ಆಗುತ್ತಿರಲಿಲ್ಲ. ಹಿರಿಯರ ಕಿವಿಯಲ್ಲಿ ಪಿಸುಗುಟ್ಟುವುದರಲ್ಲಿ ಒಂದು ಸುಖವೂ ಇತ್ತು, ಸುಳ್ಳೇಕೆ. ಅಂಥ ಕೆಲವು ಮನೆಗಳಿಂದ ಮಾರನೆಯ ದಿನ ಫೋನು ಬರುತ್ತಿತ್ತು. "ಕೇಕು ಬೇಡ, ಸೊಸೆಗೆ ಹುಷಾರಿಲ್ಲ." ಆಮೇಲೆ ಯಾವಾಗಲೋ ಬೀದಿಯಲ್ಲಿ ಸಿಕ್ಕಾಗ, "ಬಸಿರು ನಿಲ್ಲಲಿಲ್ಲ." ಕೇಕಕ್ಕ ಅಯ್ಯೋ ಪಾಪ ಎನ್ನುತ್ತಿದ್ದಳು. ಮಾಡಿಟ್ಟ ಕೇಕನ್ನು ಪುಡಿ ಮಾಡುತ್ತಿದ್ದಳು.

ಅವತ್ತು ಮಕ್ಕಳೆಲ್ಲ ಹೋದ ಮೇಲೆ ಅವಳು ಒಳಗೆ ಹೋಗಿ ಗೋಡೆಯ ಮುಂದೆ ನಿಂತಳು. ಅಲ್ಲಿ ಎರಡು ಮೊಳೆ. ಕೊಂಡೊಯ್ದ ಕೇಕುಗಳ ಚೀಟಿ ಬಲಗಡೆಯ ಮೊಳೆಗೆ, ಬೇಡವೆಂದವುಗಳದು ಎಡಗಡೆಯದಕ್ಕೆ. ಪ್ರತಿ ಚೀಟಿಯ ಮೂಲೆಯಲ್ಲೂ ಬಣ್ಣದ ಪೆನ್ಸಿಲಿನ ಗುರುತು. ಬಲಗಡೆ ಗುಲಾಬಿಯೂ ಇತ್ತು, ನೀಲಿಯೂ ಇತ್ತು. ಎಡಗಡೆಯ ಮೊಳೆಯಿಂದ ಚೀಟಿಗಳನ್ನು ಕಿತ್ತು ಒಂದೊಂದಾಗಿ ಹಲಗೆಯ ಮೇಲಿಟ್ಟಳು. ಹನ್ನೊಂದು. ಹನ್ನೊಂದೂ ಗುಲಾಬಿ. ಅವುಗಳಲ್ಲೊಂದು ಟೀಚರಮ್ಮನ ಮನೆಯದು, ಹೋದ ವರ್ಷದ್ದು.

ಒಲೆಯ ಬಳಿ ತಟ್ಟೆ ಜೋಡಿಸುತ್ತಿದ್ದ ಗಂಡ ತಿರುಗಿ ನೋಡಿದ. ಅವಳು ಹೇಳಿದಳು. ಅವನು ಕೇಳಿ ಮುಗಿಸಿ, ಕೈಯ ಹಿಟ್ಟು ಕೊಡವಿದ.

"ನಾವು ಹಿಟ್ಟು ಕಲಸೋರು. ಅವರ ಮನೆ ಬಸಿರು ಬಾಣಂತನ ನಮಗ್ಯಾಕೆ?"

"ಹೇಳಿದ್ದು ನಾನಲ್ವಾ?"

"ನೀನು ಹೇಳ್ದೆ ಇದ್ರೆ ಇನ್ನೊಬ್ರು ಹೇಳ್ತಿದ್ರು. ಲ್ಯಾಬಿಗೇ ಹೋಗಿ ಕೇಳ್ತಿದ್ರು."

"ಲ್ಯಾಬಿನೋರು ಹೇಳಲ್ಲ. ಅದಕ್ಕೇ ಅಲ್ವಾ ನನ್ನ ಹತ್ರ ಬರ್ತಿದ್ದಿದ್ದು?"

ಅವನು ಕಾರಣವಿಲ್ಲದೆ ಒಲೆಯ ಬಾಗಿಲು ತೆಗೆದು ನೋಡಿ ಮುಚ್ಚಿದ. "ಹನ್ನೊಂದೂ ಹಾಗೇ ಅಂತ ಹೇಗೆ ಹೇಳ್ತೀಯ? ನಿಜವಾಗ್ಲೂ ನಿಲ್ಲದೇ ಇರೋದೂ ಇರತ್ತೆ."

"ಇರಬಹುದು," ಎಂದಳು ಅವಳು. "ನೀಲಿಯವು ಮಾತ್ರ ಎಲ್ಲಾ ನಿಂತ್ವಲ್ಲ."

ಆ ರಾತ್ರಿ ಇಬ್ಬರೂ ಊಟಕ್ಕೆ ಕೂತರು, ಇಬ್ಬರೂ ಅರ್ಧಕ್ಕೇ ಎದ್ದರು.

ಎರಡು ವಾರ ಕಳೆದ ಮೇಲೆ ಟೀಚರಮ್ಮನ ಸೊಸೆ ಬೇಕರಿಗೆ ಬಂದಳು. ಅವಳು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು; ಕೇಕಕ್ಕನ ಮೂಗಿನ ಮೇಲಿದ್ದ ಕನ್ನಡಕವನ್ನು ಕೂರಿಸಿಕೊಟ್ಟವಳೂ ಅವಳೇ. ಅಂಗಡಿಯಲ್ಲಿ ಬೇರೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಕೈಚೀಲದಿಂದ ಕವರು ತೆಗೆದಳು.

"ನಾಡಿದ್ದು ಭಾನುವಾರಕ್ಕೆ ಅಕ್ಕಾ. ಅರವತ್ತು ಜನಕ್ಕೆ. ಈ ಸಲ ಯಾರಿಗೂ ಹೇಳ್ಬೇಡಿ. ನಮ್ಮತ್ತೆಗೂ ಹೇಳ್ಬೇಡಿ, ನನ್ನ ಗಂಡನಿಗೂ ಹೇಳ್ಬೇಡಿ."

ಕೇಕಕ್ಕನಿಗೆ ಕವರು ಹಿಡಿಯಲು ಕೈ ಬರಲಿಲ್ಲ. "ಹೋದ ಸಲ..." ಎಂದಳು.

"ಹೋದ ಸಲ ಲ್ಯಾಬಿಂದ ಯಾರೋ ಹೇಳ್ಬಿಟ್ರು." ಅವಳು ಗಾಜಿನ ಕಪಾಟಿನೊಳಗಿನ ಬನ್ನುಗಳನ್ನು ನೋಡುತ್ತ ಮಾತಾಡಿದಳು. "ಎಂಟು ದಿನ ಅಕ್ಕಾ. ಬೈಲಿಲ್ಲ, ಹೊಡೀಲಿಲ್ಲ. ಮನೇಲಿ ಯಾರೂ ನನ್ನ ಹತ್ರ ಮಾತಾಡ್ಲಿಲ್ಲ, ಅಷ್ಟೆ. ನಾನು ಬಡಿಸಿದ್ದನ್ನ ಮುಟ್ಟಲಿಲ್ಲ. ಒಂಬತ್ತನೇ ದಿನ ನಾನೇ ಹೂಂ ಅಂದೆ. ಹೂಂ ಅಂದ ತಕ್ಷಣ ಅತ್ತೆ ಬಂದು ತಲೆ ಬಾಚಿದ್ರು."

"ಹಾಗಿದ್ದ ಮೇಲೆ ಪರೀಕ್ಷೆ ಯಾಕೆ ಮಾಡಿಸ್ದೆ ತಾಯಿ?"

"ಮಾಡಿಸದೇ ಬಿಡ್ತಾರಾ? ಅದಕ್ಕೇ ನಾನು ಕೇಕೂ ಬೇಕು, ಜನಾನೂ ಬೇಕು ಅಂತ ಹಟ ಹಿಡಿದೆ. ನನ್ನ ಅಣ್ಣ ಅತ್ತಿಗೆ, ಅಂಗಡಿ ಯಜಮಾನ್ರು, ನನ್ನ ನೋಡೋ ಡಾಕ್ಟರಮ್ಮ, ಎಲ್ಲರನ್ನೂ ಕರೆದಿದ್ದೀನಿ. ಅಷ್ಟು ಜನದ ಮುಂದೆ ಗುಲಾಬಿ ಬಂದ್ರೆ, ಆಮೇಲೆ ನಿಲ್ಲಲಿಲ್ಲ ಅನ್ನೋಕೆ ಯಾರಿಗೂ ಬಾಯಿ ಬರಲ್ಲ. ಅಲ್ಲೀತನಕ ಗೊತ್ತಾಗ್ಬಾರದು. ಅಷ್ಟೇ."

ಹೇಳಿದ್ದು ನಾನೇ ಎಂಬ ಮಾತು ಕೇಕಕ್ಕನ ಬಾಯಿಯವರೆಗೆ ಬಂತು. ಹೇಳಿದರೆ ಇವಳು ಕವರು ವಾಪಸು ತೆಗೆದುಕೊಂಡು ಹೋಗುತ್ತಾಳೆ, ಇನ್ನೆಲ್ಲಿಗೆ ಹೋಗುತ್ತಾಳೆ ಎಂದು ತಡೆದುಕೊಂಡಳು. ಹಾಗೆಂದು ತನಗೆ ತಾನೇ ಹೇಳಿಕೊಂಡಳು. ನಿಜವಾಗಿ ಅವಳಿಗೆ ಹೆದರಿಕೆಯೂ ಆಗಿತ್ತು.

ಸೊಸೆ ಹೋದ ಮೇಲೆ ಕೇಕಕ್ಕ ಕವರು ಒಡೆದಳು. ಹೆಣ್ಣು.

ಶನಿವಾರ ಮಧ್ಯಾಹ್ನ ಟೀಚರಮ್ಮ ಬಂದರು. ಗುಲಾಬಿ ಕೇಕು ಒಳಗೆ ಬಟ್ಟೆ ಹೊದ್ದು ಆರುತ್ತಿತ್ತು.

"ಬಲೂನಿಗೆ ಹೊರಟಿದ್ದೀನಿ ಕಣಮ್ಮ. ಯಾವ ಬಣ್ಣ?"

"ಈ ಸಲ ಹೇಳೋದು ಬೇಡ ಟೀಚರಮ್ಮ. ನಾಳೆ ಎಲ್ಲರ ಜೊತೆ ನೋಡಿ, ಚೆನ್ನಾಗಿರತ್ತೆ."

ಟೀಚರಮ್ಮ ಅವಳ ಮುಖವನ್ನೇ ನೋಡಿದರು. ಮೂವತ್ತು ವರ್ಷ ಮಕ್ಕಳ ಸುಳ್ಳು ಹಿಡಿದ ಕಣ್ಣು. "ಹೋದ ಸಲ ಕೇಳೋಕ್ಮುಂಚೆ ಹೇಳಿದ್ದೆ. ಈಗ ಹೇಳಲ್ಲ ಅಂದ್ರೆ ನಂಗೆ ಅರ್ಥ ಆಯ್ತು ಬಿಡು." ಮಗನಿಗೆ ಹೇಳಲು ಚೀಲದಿಂದ ಫೋನು ತೆಗೆದರು.

ಸುಮ್ಮನಿದ್ದರೂ ಹೇಳಿದಂತೆಯೇ ಎಂದು ಕೇಕಕ್ಕನಿಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ.

"ಹೆಣ್ಣಾದ್ರೆ ಏನಾಯ್ತು ಟೀಚರಮ್ಮ?" ಎಂದಳು, ಹೊತ್ತು ಕಳೆಯಲು.

"ನಂಗೆ ಹೆಣ್ಣುಮಕ್ಕಳನ್ನ ಕಂಡ್ರೆ ಆಗಲ್ಲ ಅಂದ್ಕೋಬೇಡ. ಈ ಮೊಮ್ಮಗಳು ನನ್ನ ಜೀವ. ಆದ್ರೆ ನಾನು ಮೂರು ಹೆಣ್ಣು ಹೆತ್ತ ಮೇಲೆ ಈ ಮಗ ಹುಟ್ಟಿದ್ದು. ಅಷ್ಟು ವರ್ಷ ಆ ಮನೇಲಿ ನೆಮ್ಮದಿಯಾಗಿ ಕೂತು ಒಂದು ತುತ್ತು ಉಂಡಿಲ್ಲ ನಾನು. ನನ್ನ ಸೊಸೆಗೆ ಆ ಪಾಡು ಬೇಡ."

"ಆ ಪಾಡು ಪಡಿಸೋರು ಈಗ ಯಾರಿದ್ದಾರೆ? ನಿಮ್ಮತ್ತೆ ತೀರಿಕೊಂಡು ಎಷ್ಟು ವರ್ಷ ಆಯ್ತು?"

ಟೀಚರಮ್ಮನ ಬೆರಳು ಫೋನಿನ ಮೇಲೆ ನಿಂತಿತು. ಮುಖದ ಮೇಲೆ ಏನೋ ಹಾದುಹೋದಂತಾಯಿತು, ಆದರೆ ಅದು ಹಾದುಹೋಯಿತು ಅಷ್ಟೇ. "ಬಣ್ಣ ಹೇಳು," ಎಂದರು.

"ನೀಲಿ," ಎಂದಳು ಕೇಕಕ್ಕ. "ನೀಲಿ ತನ್ನಿ. ಸ್ವಲ್ಪ ಆಟ ಆಡಿಸೋಣ ಅಂತಿದ್ದೆ, ನೀವು ಬಿಡಲಿಲ್ಲ."

ಟೀಚರಮ್ಮ ಫೋನು ಚೀಲಕ್ಕೆ ಹಾಕಿ, ಕಪಾಟಿನ ಮೇಲಿಂದ ಕೈ ಚಾಚಿ ಅವಳ ಗಲ್ಲ ಹಿಡಿದರು. ಕಣ್ಣಲ್ಲಿ ನೀರಿತ್ತು. ಅದು ನಿಜವಾದ ಸಂತೋಷವೇ ಆಗಿತ್ತು.

ಭಾನುವಾರ ಕೇಕನ್ನು ಅವಳೇ ಹೊತ್ತೊಯ್ದಳು. ಹಜಾರದ ತುಂಬ ನೀಲಿ ಬಲೂನು. ಗೋಡೆಗೆ ನೀಲಿ, ಬಾಗಿಲಿಗೆ ನೀಲಿ, ಮೊಮ್ಮಗಳ ಕೈಯಲ್ಲೂ ನೀಲಿ. ಅದನ್ನೆಲ್ಲ ಕಂಡು ಸೊಸೆಯ ಮುಖ ಬಿಳಿಚಿಕೊಂಡಿತ್ತು. ಅಷ್ಟು ಬೇಡಿಕೊಂಡರೂ ಅತ್ತೆಗೆ ಹೇಗೋ ಗೊತ್ತಾಗಿದೆ, ಗಂಡೇ ಇರಬೇಕು ಎಂದು ಅವಳೂ ನಂಬಿದ್ದಳು. ಅವಳ ಕೈಗೆ ಚಾಕು ಕೊಡುವಾಗ ಕೇಕಕ್ಕ ಬೆರಳುಗಳನ್ನು ಒಮ್ಮೆ ಅದುಮಿದಳು.

ಸೊಸೆ ಕತ್ತರಿಸಿ ತುಂಡು ಎತ್ತಿದಳು.

"ಗುಲಾಬಿ! ನನ್ನ ಉಂಡೆ ಬಣ್ಣ!" ಎಂದು ಮೊಮ್ಮಗಳು ಕುಣಿಯಿತು.

"ತಂಗಿ ಬರ್ತಾಳೆ ಕಣೇ ನಿಂಗೆ!" ಎಂದು ಡಾಕ್ಟರಮ್ಮ ಚಪ್ಪಾಳೆ ತಟ್ಟಿದರು. ಅಣ್ಣ ಅತ್ತಿಗೆ ತಟ್ಟಿದರು, ಆಮೇಲೆ ಎಲ್ಲರೂ. "ಬಲೂನು ತಂದ ಪುಣ್ಯಾತ್ಮರು ಯಾರಪ್ಪಾ?" ಎಂದು ಅಂಗಡಿ ಯಜಮಾನರು ಕೇಳಿ ಹಜಾರವನ್ನು ನಗಿಸಿದರು. ಸೊಸೆಯ ಗಂಡ ಎಲ್ಲರಿಗಿಂತ ಕೊನೆಗೆ ಚಪ್ಪಾಳೆ ಹೊಡೆದ, ತಾಯಿಯ ಮುಖ ನೋಡುತ್ತ. "ಇನ್ಮೇಲೆ ತಿಂಗಳು ತಿಂಗಳೂ ನಂಗೆ ತೋರಿಸೋದು ತಪ್ಪಿಸಬಾರದು, ನಾನೇ ಫೋನ್ ಮಾಡಿ ವಿಚಾರಿಸ್ತೀನಿ," ಎಂದು ಡಾಕ್ಟರಮ್ಮ ಅವನಿಗೆ ಎಲ್ಲರೆದುರೇ ಹೇಳಿದರು.

ಗದ್ದಲದ ನಡುವೆ ಟೀಚರಮ್ಮ ಕೇಕಕ್ಕನ ಪಕ್ಕಕ್ಕೆ ಬಂದರು. "ನೀಲಿ ಅಂದಿದ್ದೆ."

"ಸುಳ್ಳು ಹೇಳ್ದೆ ಟೀಚರಮ್ಮ. ಹೋದ ಸಲ ನಿಜ ಹೇಳಿದ್ನಲ್ಲ."

ಅಷ್ಟರಲ್ಲಿ ಯಾರೋ ಬಂದು ಅಭಿನಂದನೆ ಹೇಳಿದರು, ಟೀಚರಮ್ಮ ನಗಬೇಕಾಯಿತು.

ಖಾಲಿ ಪೆಟ್ಟಿಗೆ ತೆಗೆದುಕೊಳ್ಳಲು ಕೇಕಕ್ಕ ಅಡುಗೆಮನೆಗೆ ಹೋದಾಗ ಸೊಸೆ ಹಿಂದೆಯೇ ಬಂದು ಅವಳ ಎರಡೂ ಕೈ ಹಿಡಿದುಕೊಂಡಳು. "ಅಕ್ಕಾ, ನಿಮ್ಮ ಉಪಕಾರ ನಾನು ಯಾವ ಜನ್ಮಕ್ಕೂ..."

"ಉಪಕಾರ ಅನ್ಬೇಡ ತಾಯಿ." ಕೇಕಕ್ಕ ಅವಳ ಕಣ್ಣು ನೋಡಲಾರದೆ ಹೋದಳು. "ಹೋದ ಸಲ ನಿಮ್ಮತ್ತೆಗೆ ಹೇಳಿದ್ದು ಲ್ಯಾಬಿನೋರಲ್ಲ. ನಾನು."

ಹಿಡಿದ ಕೈ ಸಡಿಲವಾಯಿತು. ಹಜಾರದಲ್ಲಿ ಯಾವುದೋ ಬಲೂನು ಒಡೆದು ಮಕ್ಕಳು ಕಿರುಚಿದವು. ಸೊಸೆ ಅಳಲಿಲ್ಲ, ಕೂಗಲಿಲ್ಲ. ಇಷ್ಟೇ ಕೇಳಿದಳು:

"ಆ ಕೇಕು ಏನ್ಮಾಡಿದ್ರಿ?"

ಇದೊಂದು ಪ್ರಶ್ನೆ ಬರುತ್ತದೆಂದು ಕೇಕಕ್ಕ ಎಣಿಸಿರಲಿಲ್ಲ. "ಪುಡಿ ಮಾಡಿ ಉಂಡೆ ಕಟ್ಟಿದೆ," ಎಂದಳು.

ಆ ಉಂಡೆಗಳನ್ನು ಯಾರು ತಿಂದರೆಂದು ಇಬ್ಬರಿಗೂ ಗೊತ್ತಿತ್ತು. ಅದೇ ಹೊತ್ತಿಗೆ ಹುಡುಗಿ ತಟ್ಟೆ ಹಿಡಿದು ಓಡಿ ಬಂತು, ಮೂಗಿನ ತುದಿಗೆಲ್ಲ ಕೆನೆ.

"ಅಮ್ಮಾ, ನಾಳೆ ಇದರದ್ದೂ ಉಂಡೆ ಮಾಡ್ತಾರಾ?"

"ಇಲ್ಲ," ಎಂದಳು ತಾಯಿ. "ಇದು ಮಿಗಲ್ಲ."

ತಟ್ಟೆ ತೆಗೆದುಕೊಂಡು ತುಂಡನ್ನು ಮುರಿದು ಮಗಳ ಬಾಯಿಗಿಟ್ಟಳು. ತಾನೊಂದು ಚೂರು ತಿಂದಳು. ಉಳಿದದ್ದನ್ನು ಕೇಕಕ್ಕನ ಮುಂದೆ ಹಿಡಿದಳು. ಅವಳ ಮುಖದಲ್ಲಿ ಕ್ಷಮೆ ಇರಲಿಲ್ಲ.

"ತಿನ್ನಿ ಅಕ್ಕಾ. ಒಂದು ಚೂರೂ ಉಳೀಬಾರದು."

ಇಪ್ಪತ್ತು ವರ್ಷದಿಂದ ಕೇಕು ಮಾಡುತ್ತ ಬಂದವಳು ತಟ್ಟೆ ತೆಗೆದುಕೊಂಡಳು. ಅಲ್ಲೇ ನಿಂತು, ತಟ್ಟೆಯ ಪುಡಿಯನ್ನೂ ಬೆರಳಿಂದ ಒರೆಸಿ, ಪೂರ್ತಿ ತಿಂದಳು.